ಎಕ್ಸ್‌ರೇ ಕೋಣೆಗೊಂದು ಕಾವಲು

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ನಾವಿರುವ ಮಹಡಿಯ ಕೆಳಗೇ ಅವರ ಎಕ್ಸ್‌ರೇ ಸೆಂಟರ್. ರಚ್ಚೆ ಹಿಡಿದ ಮಗುವನ್ನೂ ಗೊಣಗುವ ಅಜ್ಜನನ್ನೂ ಒಂದೇ ದನಿಯಲ್ಲಿ ರಮಿಸಿ, ಅಲ್ಲಾಡದಂತೆ ನಿಲ್ಲಿಸಿಬಿಡುತ್ತಾರೆ. ಅಂಥವರೂ ಈಚೆಗೆ ಕಂಗೆಟ್ಟಿದ್ದರು. ಎದುರಿನ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಇಂಟರ್‌ನೆಟ್ಟಿನಿಂದ ಯಾರೋ ನುಗ್ಗಿ, ಚಿತ್ರಗಳಿಗೆಲ್ಲ ಬೀಗ ಜಡಿದಿದ್ದರು.

"ಜನ ನನ್ನನ್ನ ನಂಬಿ ಮೂಳೆ ತೋರಿಸ್ತಾರೆ ಕಣೇ. ಅದು ಕಂಡವರ ಕೈಗೆ ಸಿಕ್ಕಿದ್ರೆ?" ಎಂದರು ಅಕ್ಕ.

ನೆಟ್‌ವರ್ಕ್ ಕಾಯುವ ಫೈರ್‌ವಾಲ್ ಪೆಟ್ಟಿಗೆ ಕೊಳ್ಳುವುದೆಂದಾಯಿತು. ಮೊದಲು ಬಂದ ವ್ಯಾಪಾರಿಯ ಪೆಟ್ಟಿಗೆ ದೊಡ್ಡದು, ಮೈತುಂಬ ಮಿಣುಕು ದೀಪ. ಅಕ್ಕ ನೋಡಿದ ಕೂಡಲೇ ಮಾರುಹೋದರು.

"ಕರೆಂಟ್ ಹೋದಾಗ ಬೆಳಕಿಗೂ ಆಯ್ತು," ಎಂದರು ಭಾವ.

"ಕರೆಂಟ್ ಹೋದ್ರೆ ಅದೂ ಹೋಗುತ್ತೆ ರೀ. ಸುಮ್ನಿರಿ."

ಎರಡನೆಯವಳು ಪುಟ್ಟ ಪೆಟ್ಟಿಗೆ ತಂದಿದ್ದಳು. ಅದನ್ನು ತೆರೆಯುವ ಮೊದಲೇ ಕೇಳಿದಳು: "ಹೊರಗೆ ಕಾಯೋರಿಗೂ ನಿಮ್ಮ ಮಷೀನಿಗೂ ಒಂದೇ ವೈಫೈನಾ?"

"ಒಂದೇ. ಪಾಪ, ಸರದಿ ಬರೋವರೆಗೆ ಮೊಬೈಲಾದ್ರೂ ನೋಡ್ಲಿ ಅಂತ ಕೊಟ್ಟಿದೀನಿ," ಎಂದ ಅಕ್ಕನ ಮುಖ ಮಾತು ಮುಗಿಯುವಷ್ಟರಲ್ಲಿ ಇಳಿದುಹೋಯಿತು. ಕಳ್ಳರಿಗೆ ಬಾಗಿಲು ತೆರೆದಿಟ್ಟವರು ತಾವೇ.

ಚಿತ್ರ ನೋಡದೆ ಮೂಳೆ ಮುರಿದಿದೆ ಎನ್ನುವವರಲ್ಲ ಅಕ್ಕ. ಎರಡನ್ನೂ ಪರೀಕ್ಷೆಗೆ ಹಚ್ಚಿದರು. ಕಂಕುಳಲ್ಲಿ ಮಗ, ತೊಡೆಯ ಮೇಲೆ ಲ್ಯಾಪ್‌ಟಾಪ್, ನಾನು ಹೊರಗಿನವರ ವೈಫೈ ಹಿಡಿದು ರೋಗಿಗಳ ಬೆಂಚಿನಲ್ಲಿ ಕುಳಿತೆ. ದೊಡ್ಡ ಪೆಟ್ಟಿಗೆ ಜೋಡಿಸಿದ ಮೇಲೂ ಒಳಗಿನ ಎಕ್ಸ್‌ರೇ ಚಿತ್ರಗಳ ಫೋಲ್ಡರ್ ಸಲೀಸಾಗಿ ತೆರೆದುಕೊಂಡಿತು.

"ಅಕ್ಕಾ, ಯಾರದೋ ಮೊಣಕೈ ಕಾಣಿಸ್ತಿದೆ. ಮಗ ಅದನ್ನ ಹಿಡಿಯೋಕೆ ಹೋಗ್ತಿದಾನೆ."

"ಅದಕ್ಕೆ ಸೆಟ್ಟಿಂಗ್ ಮಾಡ್ಬೇಕು ಮೇಡಂ. ನಮ್ಮ ಹೆಡ್ ಆಫೀಸಿನವರು ಬರ್ತಾರೆ," ಎಂದ ವ್ಯಾಪಾರಿ.

"ಯಾವಾಗ?"

ಅವನು ಪೆಟ್ಟಿಗೆಯ ವೈರು ಕಿತ್ತು ಸುತ್ತತೊಡಗಿದ.

ಪುಟ್ಟ ಪೆಟ್ಟಿಗೆಯವಳು ಹೊರಗಿನ ವೈಫೈಯನ್ನು ಬೇರೆ ಮಾಡಿಕೊಟ್ಟಳು. ಬೆಂಚಿನಲ್ಲಿ ಕಾರ್ಟೂನ್ ಓಡಿತು, ಫೋಲ್ಡರ್ ಮಾತ್ರ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಅಕ್ಕ ಪಕ್ಕದ ಬೀದಿಯ ಮೂಳೆ ಡಾಕ್ಟರಿಗೆ ಫೋನ್ ಮಾಡಿದರು. ಅವರಿಗೆ ಚಿತ್ರ ಎಂದಿನಂತೆ ಸಿಗುತ್ತಿತ್ತು. ಅಷ್ಟಕ್ಕೇ ಬಿಡದೆ, ಪಾಸ್‌ವರ್ಡ್ ಬದಲಿಸುವುದನ್ನೂ ಎಚ್ಚರಿಕೆಯ ಸಂದೇಶ ಓದುವುದನ್ನೂ ಅವಳಿಂದ ಹೇಳಿಸಿಕೊಂಡು, ತಾವೇ ಮಾಡಿ ನೋಡಿದರು.

"ಇದೇ ಇರಲಿ," ಎಂದರು. "ಕಾಯೋ ಜನಕ್ಕೂ ಬೇಜಾರಾಗ್ಬಾರ್ದು, ನನಗೂ ಭಯ ಇರ್ಬಾರ್ದು."

ಅವಳು ಹೋದ ಮೇಲೆ ನನ್ನ ಕಂಕುಳಿಂದ ಮಗನನ್ನು ಎತ್ತಿಕೊಂಡರು. "ಹೋಗು, ನೆಮ್ಮದಿಯಾಗಿ ತಲೆಗೆ ನೀರು ಹಾಕ್ಕೊಂಡು ಬಾ. ಇವತ್ತು ನನ್ನ ತಲೇಲಿ ಜಾಗ ಇದೆ, ಇವನ ಗಲಾಟೆ ಹಿಡಿಸುತ್ತೆ."