ಏಳು ದಳದ ಬೀಸುಕಲ್ಲು

ವೈನರಿಯ ಗೇಟು ದಾಟುವಷ್ಟರಲ್ಲಿ ಕಹಕಶಾ ಮಗಳ ಹಣೆಯನ್ನು ಮೂರು ಸಲ ಮುಟ್ಟಿ ನೋಡಿದ್ದಳು. ಜ್ವರವೇನೂ ಇರಲಿಲ್ಲ. ಆದರೂ ಬಿಸಿಲು, ದ್ರಾಕ್ಷಿಗೆ ಹೊಡೆದ ಔಷಧಿ, ಹುಲ್ಲಿನಲ್ಲಿ ಹಾವು, ಹೆದರುವವರಿಗೆ ಕಾರಣಗಳಿಗೇನು ಬರ! ಕಾನಹೊಸಹಳ್ಳಿಯಾಚೆಯ ಈ ವೈನರಿಯಲ್ಲಿ ಪಂಪು ರಿಪೇರಿ ಮಾಡಿಕೊಟ್ಟ ಅವಳ ಗಂಡನಿಗೆ, ಮನೆಯವರೆಲ್ಲ ಬಂದು ತೋಟ ನೋಡಲೆಂದು ಪಾಸು ಕೊಟ್ಟಿದ್ದರು. ಅವನಿಗೆ ಕೊಟ್ಟೂರಿನ ಗ್ಯಾರೇಜು ಬಿಟ್ಟು ಬರಲಾಗಲಿಲ್ಲ. ಹೀಗಾಗಿ ಎರಡು ವರ್ಷದ ನಯೀಮ, ಎಪ್ಪತ್ತು ದಾಟಿದ ಮಾವ ದಾವಲ್ ಸಾಬ್, ಇಬ್ಬರನ್ನೂ ಕಾಯಲು ಅವಳೊಬ್ಬಳು.

"ಅಬ್ಬಾ, ಸೆರೆ ಮಾಡೋ ಜಾಗ ಇದು. ಯಾರಾದ್ರೂ ನೋಡಿದ್ರೆ?" ಎಂದು ಮಾವನನ್ನು ಕೇಳಿದಳು.

"ದ್ರಾಕ್ಷಿ ನೋಡಾಕ ಬಂದೀವಿ ಬೇಟಿ. ನೋಡಿದ್ರ ಅಮಲೇರತೈತೇನು?"

ಮುದುಕನಿಗೆ ಉಲ್ಲಾಸ. ಐವತ್ತು ವರ್ಷ ಈತ ಹೆಗಲಿಗೆ ಉಳಿ-ಸುತ್ತಿಗೆಯ ಚೀಲ ಹಾಕಿಕೊಂಡು ಹಡಗಲಿ, ಹರಪನಹಳ್ಳಿ ಸೀಮೆಯ ಓಣಿಗಳಲ್ಲಿ "ಬೀಸುಕಲ್ಲಿಗೆ ಕಕ್ಕು ಹಾಕ್ತೀವ್ರೀ" ಎಂದು ಕೂಗುತ್ತ ನಡೆದವನು. ಸವೆದ ಕಲ್ಲನ್ನು ಕಚ್ಚುಕಚ್ಚಾಗಿ ಕುಟ್ಟಿ ಮತ್ತೆ ಒರಟು ಮಾಡುವುದು, ಬೇಕೆಂದವರಿಗೆ ಹೊಸ ಕಲ್ಲು ಕಡಿದು ಕೊಡುವುದು, ಅದೇ ಬದುಕು. ಗಿರಣಿ ಬಂದು ಕಲ್ಲುಗಳು ಹಿತ್ತಿಲು ಸೇರಿದ ಮೇಲೂ ಕೈ ಸುಮ್ಮನಿರಲಿಲ್ಲ. ಈಗಲೂ ಚಹಾ ಕುಡಿಯುವಾಗ ಬೆರಳು ಲೋಟವನ್ನು ಟಕಟಕ ಕುಟ್ಟುತ್ತಿತ್ತು.

ಕಲಾವಿದರು ನೇಗಿಲ ಕುಳಗಳಿಂದ ಮಾಡಿ ನಿಲ್ಲಿಸಿದ ಗೂಳಿ, ತಂತಿಯ ನವಿಲು ನೋಡಿಕೊಂಡು ತೋಟದ ನಡುವಿನ ಹುಲ್ಲುಹಾಸಿಗೆ ಬಂದರು. ಅಲ್ಲಿ ದೊಡ್ಡ ಕಬ್ಬಿಣದ ಚಪ್ಪರ. ಹಳ್ಳಿಗಳಿಂದ ಕೊಂಡು ತಂದ ಬೀಸುಕಲ್ಲುಗಳ ನಡುವಿನ ತೂತಿಗೆ ಸರಪಳಿ ಪೋಣಿಸಿ, ದ್ರಾಕ್ಷಿ ಗೊಂಚಲಿನಂತೆ ಇಳಿಬಿಟ್ಟಿದ್ದರು. ಜನ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ದಾವಲ್ ಸಾಬ್ ನಗುತ್ತ ಹತ್ತಿರ ಹೋದವನು ಅಂಚಿನ ಕಲ್ಲೊಂದನ್ನು ಕತ್ತೆತ್ತಿ ದಿಟ್ಟಿಸಿದ. ಚಪ್ಪರವನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು. ಬಿಸಿಲು ನೆತ್ತಿಗೆ ಹೊಡೆಯಿತೇನೋ ಎಂದು ಕಹಕಶಾ ನೀರಿನ ಬಾಟಲಿ ಚಾಚಿದಳು. ಅವನು ಮುಟ್ಟಲಿಲ್ಲ.

"ಕೂಸನ್ನ ಆ ಕಡೆ ಒಯ್ಯಿ."

"ಯಾಕೆ ಅಬ್ಬಾ? ಏನಾಯ್ತು?"

"ಒಯ್ಯಂದ್ನೆಲ್ಲ!"

ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ಸರಿದಳು. ಅಷ್ಟರಲ್ಲಿ ಶಾಲೆಯ ಬಸ್ಸೊಂದು ಬಂದು ನಿಂತಿತು. ಮಕ್ಕಳು ಕೂಗುತ್ತ ಇಳಿದರು. ದಾವಲ್ ಸಾಬ್ ಕಾವಲುಗಾರ ಓಬಣ್ಣನ ಕಡೆ ಓಡುವಂತೆ ನಡೆದ.

"ತಮ್ಮಾ, ಆ ಅಂಚಿನ ಕಲ್ಲು ಇಳಸ್ರಿ. ಒಳಗ ಸೀಳೈತಿ ಅದು."

"ಮುಂಬೈ ಕಲಾವಿದರು ಬಂದು ಕೂರಿಸ್ಯಾರ ಅಜ್ಜಾ. ನಿನ್ನ ಕಣ್ಣಿಗೆ ಸೀಳು ಕಂಡ್ತೇನು? ಹೋಗು, ನೆಳ್ಳಾಗ ಕುಂದ್ರು."

ಸುತ್ತಲಿನವರು ನಕ್ಕರು. ಕಹಕಶಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತೋಟದ ಮೇಲ್ವಿಚಾರಕಿ ಪುಷ್ಪಲತಾ ಗಲಾಟೆ ಕೇಳಿ ಬಂದಳು. "ಮೇಲ್ನೋಟಕ್ಕೆ ಗಟ್ಟಿ ಐತಲ್ರೀ ಅಜ್ಜಾರ. ನಿಮಗೆ ಹೆಂಗ ಗೊತ್ತು?"

ಮುದುಕ ಸೊಸೆಯ ಮುಖ ನೋಡಿದ, ಮಗುವಿನ ಮುಖ ನೋಡಿದ. ಬೆರಳುಗಳು ಅಂಗಿಯ ಗುಂಡಿಯನ್ನು ತಿರುವುತ್ತಿದ್ದವು.

"ಅದು ನಾನಾ ಕಡದ ಕಲ್ಲು. ಕಾಳು ಹಾಕೋ ಬಾಯಿ ಸುತ್ತ ಎಂಟು ದಳದ ಹೂ ಬೇಕಂದಿದ್ರು. ಎಂಟನೇದು ಕಡಿಯೋವಾಗ ಉಳಿ ಜಾರಿ ಬಾಯಿಂದ ಅಂಚಿನ ತನಕ ಸೀಳು ಹೋತು. ಅರಗಿಗೆ ಕಲ್ಲಿನ ಪುಡಿ ಕಲಸಿ ತುಂಬಿ, ತಿಕ್ಕಿ, ಹಂಗ ಕೊಟ್ಟುಬಿಟ್ಟೆ. ಎಣಿಸ್ರಿ, ಏಳಾ ಅದಾವ."

ಪುಷ್ಪಲತಾ ಎಣಿಸಿದಳು, ಏಳೇ ಇದ್ದವು. ಮಕ್ಕಳಾಗಲೇ ಚಪ್ಪರದತ್ತ ನುಗ್ಗುತ್ತಿದ್ದರು. ಕಹಕಶಾ ಯೋಚಿಸಲಿಲ್ಲ, ನಯೀಮಳನ್ನು ಪುಷ್ಪಲತಾಳ ತೋಳಿಗೆ ತುರುಕಿ ಓಡಿ ಹೋಗಿ ಎರಡೂ ಕೈ ಅಗಲಿಸಿ ನಿಂತಳು. "ಹಿಂದೆ ಹೋಗಿ! ಒಬ್ಬರೂ ಈ ಕಡೆ ಬರಬಾರದು, ಹಿಂದೆ!" ಅವಳ ದನಿಗೆ ಮೇಷ್ಟ್ರುಗಳೂ ಹಿಂದೆ ಸರಿದರು.

ಏಣಿ ತಂದು ಕಲ್ಲನ್ನು ಇಳಿಸಲು ಅರ್ಧ ಗಂಟೆ ಹಿಡಿಯಿತು. ಹುಲ್ಲಿನ ಮೇಲೆ ಅದು ಇಡಿಯಾಗಿಯೇ ಬಿದ್ದಿತ್ತು. "ಎಲ್ಲೈತಿ ಅಜ್ಜಾ ಸೀಳು?" ಎಂದು ಓಬಣ್ಣ ಹಲ್ಲು ಕಿರಿದ. ದಾವಲ್ ಸಾಬ್ ಕೆಲಸದವರ ಸುತ್ತಿಗೆ ಇಸಿದುಕೊಂಡು, ಕೂತು, ಅಂಚಿಗೆ ಒಂದೇ ಪೆಟ್ಟು ಕೊಟ್ಟ. ಕಲ್ಲು ಎರಡಾಯಿತು. ಸೀಳಿನುದ್ದಕ್ಕೂ ಅರಗಿನ ಕಂದು ಗೆರೆ.

ಅವನು ಏಳಲಿಲ್ಲ. ಕಹಕಶಾ ಪಕ್ಕದಲ್ಲಿ ಕೂತಳು.

"ಯಾರ ಮನೆಯದು?"

"ಮಾಗಳದ ಮಾಳಮ್ಮಂದು. ಆಗ ಬಸುರಿ ಇದ್ಲು. ಆ ಅರಗು ಸವದು ಸವದು ಅಕೀ ಮನಿ ಹಿಟ್ಟಿನಾಗ ಎಷ್ಟು ಬಿತ್ತೋ. ಅದನ್ನ ಉಂಡ ಕೂಸು ಹೆಂಗೈತೋ. ನಲವತ್ತು ವರ್ಷ ಆ ಓಣಿಗೆ ಕಾಲಿಟ್ಟಿಲ್ಲ ನಾನು."

ಮಗುವಿನ ಹಾಲು ಮುಗಿದಿತ್ತು, ಗಂಡನ ಮೂರು ಮಿಸ್ಡ್ ಕಾಲ್ ಇದ್ದವು, ಹೊತ್ತು ಮಧ್ಯಾಹ್ನ ದಾಟಿತ್ತು. ಕಹಕಶಾ ಎದ್ದು ಓಬಣ್ಣನ ಹತ್ತಿರ ಹೋದಳು.

"ಮಾಗಳಕ್ಕೆ ಹೋಗ್ಬೇಕು, ಹಡಗಲಿ ಕಡೆ ಬಸ್ ಎಷ್ಟೊತ್ತಿಗೆ ಐತಣ್ಣಾ?"

"ಕೊಟ್ಟೂರಿಗೆ ಹೋಗಿ ಬದಲಾಯಿಸ್ಬೇಕವ್ವಾ. ಲಗೂನ ಹೊಂಡ್ರಿ."