ತೆರಕಣಾಂಬಿ ಹುಡುಗಿಯರ ಕುಸ್ತಿ ಬೆಲ್ಟಿನ ಚರಿತ್ರೆ

ನಮ್ಮ ತೆರಕಣಾಂಬಿಯ ಬೀದಿಗೆ ಕೇಬಲ್ ವೈರು ಬಂದದ್ದು ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ. ಆಗೆಲ್ಲ ಟೀವಿ ನೋಡುವುದೆಂದರೆ ಇನ್ನೊಬ್ಬರ ಮನೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಸಿಕ್ಕ ಜಾಗದಲ್ಲಿ ಮಂಡಿ ಮಡಿಸಿ ಕೂರುವುದು. ಬೀದಿಯಲ್ಲಿ ಕಲರ್ ಟೀವಿ ಇದ್ದದ್ದು ಶಶಿಯ ಮನೆಯಲ್ಲಿ ಮಾತ್ರ. ಅವಳಪ್ಪ ಬಸ್ಸಿನ ಕಂಡಕ್ಟರು. ಭಾನುವಾರ ಸಂಜೆ ನಾಲ್ಕಕ್ಕೆ ಅಮೆರಿಕದ ಕುಸ್ತಿ ಬರುತ್ತಿತ್ತು. ಹುಡುಗರು ಮುಂದೆ, ನಾವು ಹುಡುಗಿಯರು ಹಿಂದೆ, ರಾಗಿ ಮೂಟೆಗಳಿಗೆ ಒರಗಿಕೊಂಡು. ಒಳಗೆ ಶಶಿಯ ಅವ್ವ ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಸುಡುತ್ತಿದ್ದರೆ ಆ ಘಾಟಿಗೆ ಇಡೀ ಮನೆ ಕೆಮ್ಮುತ್ತಲೇ ಕುಸ್ತಿ ನೋಡುತ್ತಿತ್ತು.

ಅದರಲ್ಲಿ ಒಮ್ಮೊಮ್ಮೆ ಹೆಂಗಸರ ಕುಸ್ತಿಯೂ ಬರುತ್ತಿತ್ತು. ಬಂದರೆ ಹುಡುಗರಿಗೆ ನಗು. ಶಶಿಯ ಅವ್ವ ಅಡುಗೆಮನೆಯಿಂದಲೇ, “ಅದ ಆರ್ಸಮ್ಮಿ, ಬಟ್ಟೆ ಇಲ್ಲ ಬರೆ ಇಲ್ಲ” ಎನ್ನುತ್ತಿದ್ದರು. ಶಶಿ ಎದ್ದು ಹೋಗಿ ಗುಂಡಿ ಒತ್ತುವಷ್ಟರಲ್ಲಿ ನಾವು ನೋಡಿದ್ದಷ್ಟೇ ಲಾಭ. ಹಾಗೆ ತುಣುಕು ತುಣುಕಾಗಿ ನೋಡುತ್ತಿದ್ದುದರಿಂದಲೋ ಏನೋ, ನನಗೆ ಗಂಡಸರ ಕುಸ್ತಿಗಿಂತ ಅದರ ಮೇಲೇ ಹೆಚ್ಚು ಕುತೂಹಲ.

ಒಂದು ಭಾನುವಾರ ಶಶಿಯ ಅವ್ವ ಮನೆಯಲ್ಲಿರಲಿಲ್ಲ. ಅವತ್ತು ಒಬ್ಬಳು ಸೋತು, ಇನ್ನೊಬ್ಬಳಿಗೆ ಬೆಲ್ಟು ಹೋಯಿತು. ಗೆದ್ದವಳು ಆ ಬೆಲ್ಟನ್ನು ಹಸುಗೂಸಿನ ಹಾಗೆ ಎದೆಗೊತ್ತಿಕೊಂಡು ಅತ್ತಳು. ಹೊಡೆದಾಟದಲ್ಲಿ ಅಳದವಳು ಗೆದ್ದಾಗ ಯಾಕೆ ಅತ್ತಳು? ಸೋತವಳಿಗೆ ಅದು ಯಾರಿಂದ ಬಂದಿತ್ತು? ಅವಳಿಗಿಂತ ಮೊದಲು ಯಾರ ಹತ್ತಿರ ಇತ್ತು? ಎಲ್ಲರಿಗಿಂತ ಮೊದಲನೆಯವಳಿಗೆ ಅದನ್ನು ಕೊಟ್ಟವರು ಯಾರು, ಅವಳು ಯಾರನ್ನೂ ಸೋಲಿಸಿರಲಿಲ್ಲವಲ್ಲ? ಶಶಿಯ ಅಪ್ಪನನ್ನು ಕೇಳಿದೆ. “ನಂಗ್ ಚಾಮರಾಜನಗರದ್ ಟಿಕೀಟ್ ರೇಟ್ ಕೇಳು, ಏಳ್ತೀನಿ” ಅಂದರು.

ಕೊನೆಗೆ ಉತ್ತರ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ. ಬೇಕರಿ ನಡೆಸುತ್ತಿದ್ದವರು ವಯನಾಡಿನ ಕಡೆಯವರು, ನಾವು ಕಾಕ ಎನ್ನುತ್ತಿದ್ದೆವು, ಅವರು ನಮ್ಮನ್ನು ಮಲಯಾಳದಲ್ಲಿ ‘ಮೋಳೆ’, ಮಗಳೇ, ಎನ್ನುತ್ತಿದ್ದರು. ಅವರ ಭಾವಮೈದುನ ದುಬೈಯಿಂದ ತಂದಿದ್ದ ಒಂದು ಕುಸ್ತಿ ಪುಸ್ತಕ ಬನ್ನಿನ ಟ್ರೇ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಅದರ ಒಂದು ಪುಟದಲ್ಲಿ ಬೆಲ್ಟಿನ ಫೋಟೋ, ಕೆಳಗೆ ಉದ್ದಕ್ಕೆ ಅದನ್ನು ಗೆದ್ದ ಹೆಂಗಸರ ಹೆಸರು. ನಾನು ಕೇಳಿದ್ದಕ್ಕೆ ಕಾಕ ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿದರು. ನಡುವೆ ಒಂದು ಪದ ಎರಡು ಸಲ ಬಂತು.

“ವೇಕೆಂಟ್. ಇದ್ಯಾರು ಕಾಕ, ಎಲ್ಡು ಸಲ ಗೆದ್ದವ್ಳಾ?”

“ಅದು ಹೆಸರಲ್ಲ ಮೋಳೆ. ಖಾಲಿ ಅಂತ. ಆಗ ಬೆಲ್ಟ್ ಯಾರ ಹತ್ರಾನೂ ಇರಲಿಲ್ಲ.”

“ಯಾಕ?”

“ಬರೆದಿಲ್ಲ. ಕಾಲು ಮುರಿದಿರಬಹುದು, ಮದುವೆ ಆಗಿರಬಹುದು. ಹೆಂಗಸರ ವಿಷಯ, ಯಾರು ಬರೀತಾರೆ.”

ಯಾರೂ ಬರೆಯುವುದಿಲ್ಲ ಎಂದದ್ದೇ ನನ್ನನ್ನು ಹಿಡಿದುಕೊಂಡಿತು.

ನಾವು ಹುಡುಗಿಯರೇ ಕುಸ್ತಿ ಆಡೋಣ ಎಂದಾಗ ಬೆಲ್ಟು ಮಾಡಿದ್ದು ಶಶಿ. ಹಳೆಯ ಸ್ಕೂಟರ್ ಸೀಟಿನ ರೆಕ್ಸಿನ್ನು, ಅದರ ನಡುವೆ ಕಾಕ ಕೊಟ್ಟ ಬಿಸ್ಕತ್ತು ಡಬ್ಬದ ದುಂಡನೆ ಮುಚ್ಚಳ. ಮುಚ್ಚಳದ ಮೇಲೆ ಮೊಳೆ ಹೊಡೆದು ಹೊಡೆದು ಚುಕ್ಕೆಯಲ್ಲೇ ‘ಚಾಂಪಿಯನ್’ ಎಂದು ಬರೆದಳು. ‘ನ್’ಗೆ ಜಾಗ ಸಾಲದೆ ಅಂಚಿಗೆ ಮಡಿಸಿಕೊಂಡಿತ್ತು. ಕುಸ್ತಿ ನಡೆಯುತ್ತಿದ್ದುದು ನಮ್ಮ ತಾತನ ಕಣದಲ್ಲಿ. ಕಣವೆಂದರೆ ಒಕ್ಕಣೆ ಮಾಡುವ ಬಯಲು. ಬೇಸಿಗೆಯಲ್ಲಿ ಅಲ್ಲಿ ಅರ್ಧ ಕರಗಿದ ರಾಗಿ ಹುಲ್ಲಿನ ಮೆದೆ ಬಿಟ್ಟರೆ ಬೇರೇನಿಲ್ಲ. ಹುಲ್ಲು ಹಾಸಿ, ಲಂಗ ಎತ್ತಿ ಕಚ್ಚೆ ಕಟ್ಟಿ, ಆರು ಜನ. ಜಡೆ ಎಳೆಯುವಂತಿಲ್ಲ, ಕಚ್ಚುವಂತಿಲ್ಲ, ಬೆನ್ನು ನೆಲಕ್ಕೆ ಹತ್ತಿ ಮೂರು ಎಣಿಸಿದರೆ ಮುಗಿಯಿತು. ಇನ್ನೊಂದು ನಿಯಮ ಟೀವಿಯದೇ: ಚಾಂಪಿಯನ್ನನ್ನು ಕೆಡವದೆ ಬೆಲ್ಟು ಯಾರಿಗೂ ಇಲ್ಲ.

ನಾನು ಎಲ್ಲರ ಹತ್ತಿರವೂ ಸೋಲುತ್ತಿದ್ದೆ. ಅದಕ್ಕೇ ಬರೆಯುವ ಕೆಲಸ ನನಗೆ ಬಂತು. ಹಾಳೆ ಉಳಿದಿದ್ದ ಗಣಿತದ ನೋಟ್‌ಬುಕ್ಕಿನ ಹಿಂದಿನಿಂದ ಶುರುಮಾಡಿ ಬರೆದೆ: ಮೊದಲನೆಯವಳು ನಾಗರತ್ನ, ಮೂರು ದಿನ. ಎರಡನೆಯವಳು ಶಶಿ, ಒಂದು ದಿನ. ಮೂರನೆಯವಳು ಮಾದೇವಿ.

ಮಾದೇವಿ ಬಂದಮೇಲೆ ನನ್ನ ಪಟ್ಟಿ ಮುಂದಕ್ಕೆ ಹೋಗಲೇ ಇಲ್ಲ. ಅವಳ ಮನೆ ನಮ್ಮ ಕಣಕ್ಕೆ ಹೊಂದಿಕೊಂಡೇ ಇತ್ತು. ಬೆಳಿಗ್ಗೆಯೆಲ್ಲ ಅವ್ವ ಸಿದ್ದಮ್ಮನ ಜೊತೆ ಕೂಲಿಗೆ ಹೋಗಿ ಸಣ್ಣೀರುಳ್ಳಿಯ ಬಾಲ ಕತ್ತರಿಸಿ ಬರುತ್ತಿದ್ದಳು. ಅವಳು ಕತ್ತಿನ ಸುತ್ತ ಕೈ ಹಾಕಿದರೆ ಮೊದಲು ಈರುಳ್ಳಿ ವಾಸನೆ, ಆಮೇಲೆ ಆಕಾಶ, ಆಮೇಲೆ ಬೆನ್ನಿಗೆ ಹುಲ್ಲು. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದವಳು ಇಲ್ಲಿ ಬೆಲ್ಟು ಕಟ್ಟಿಕೊಂಡು ಕಣದ ಸುತ್ತ ನಡೆಯುವ ರೀತಿಯೇ ಬೇರೆ. ಹನ್ನೊಂದು ಕುಸ್ತಿ, ಹನ್ನೊಂದರಲ್ಲೂ ಅವಳೇ.

ಹನ್ನೆರಡನೆಯದಕ್ಕೆ ಅವಳು ಬರಲಿಲ್ಲ. ಕರೆಯಲು ಹೋದ ನಾಗರತ್ನ ಬರಿಗೈಯಲ್ಲಿ ಬಂದು ತಗ್ಗಿದ ದನಿಯಲ್ಲಿ, “ಮಾದೇವಿ ದೊಡ್ಡೋಳಾಗವ್ಳಂತ. ಅವರ ಮಾವ ಗುಡ್ಲು ಆಕಕ್ಕ ಸೊಪ್ಪು ತತ್ತಾವ್ನ” ಎಂದಳು. ಸೋದರಮಾವ ಹಸಿ ಸೊಪ್ಪು, ತೆಂಗಿನಗರಿಯಲ್ಲಿ ಗುಡ್ಲು ಕಟ್ಟಿದ ಮೇಲೆ ಹುಡುಗಿ ಅದರೊಳಗೇ ಇರಬೇಕು. ಆರತಿ, ಸ್ನಾನ ಎಲ್ಲ ಮುಗಿದು ಹೊರಗೆ ಬರುವವಳು ಬೀದಿಯಲ್ಲಿ ಆಡುವ ಹುಡುಗಿಯಲ್ಲ. ಅಷ್ಟು ನಮಗೆಲ್ಲ ಗೊತ್ತಿತ್ತು.

ಶಶಿ ಹೋಗಿ ಬೆಲ್ಟು ಕೇಳಿದಳು. ಸಿದ್ದಮ್ಮ ಗೂಟಕ್ಕೆ ನೇತುಹಾಕಿದ್ದನ್ನು ತೆಗೆದು ಅವಳ ಕೈಗಿಟ್ಟಳಂತೆ.

“ಖಾಲಿ ಅಂತ ಬರ್ಕೊ. ನಾಳಿಕ್ಕ ನಂಗೂ ನಾಗರತ್ನಂಗೂ ಕುಸ್ತಿ ಇಡನ” ಎಂದಳು ಶಶಿ.

ಬರೆದೆ. ನಾಚಿಕೆಯ ಮಾತೆಂದರೆ, ಬರೆಯುವಾಗ ನನಗೆ ಸಂತೋಷವೇ ಆಯಿತು. ದುಬೈ ಪುಸ್ತಕದಲ್ಲಿದ್ದ ಪದ ನಮ್ಮ ಚರಿತ್ರೆಗೂ ಬಂದಿತ್ತು.

ಅದೇ ಸಂಜೆ ಅಜ್ಜಿಯ ಜೊತೆ ಆರತಿಗೆ ಹೋದೆ. ಗುಡ್ಲಿನ ಸೊಪ್ಪು ಆಗಲೇ ಬಾಡತೊಡಗಿ ಒಂಥರಾ ಸಿಹಿ ವಾಸನೆ. ಹೆಂಗಸರು ಹಾಡು ಹೇಳಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆಯನ್ನು ಅವಳ ಕೈಗೆ ಮೇಲಿನಿಂದ ಹಾಕಿ, ಮಾತಿಗೆ ಕೂತರು. ನಾನು ಗುಡ್ಲಿನ ಬಾಯಿಯ ಹತ್ತಿರ, ಅವಳನ್ನು ಮುಟ್ಟದಷ್ಟು ದೂರದಲ್ಲಿ ಕೂತೆ. ದೊಡ್ಡವರ ಸೀರೆಯಲ್ಲಿ ಮಾದೇವಿ ಸಣ್ಣವಳಾಗಿ ಕಂಡಳು.

“ಚಿಗ್ಳಿ ತಿಂತೀಯಾ ಸುಮಿ? ನಂಗ ಸಾಕಾಗೋಗದ” ಎಂದವಳು, ಉಂಡೆಯನ್ನು ಪಕ್ಕಕ್ಕಿಟ್ಟು ಕೇಳಿದಳು. “ನನ್ ಹೆಸ್ರ ಒಡ್ದಾಕ್‌ಬುಟ್ರಾ?”

“ಒಡ್ದಾಕಿಲ್ಲ. ಕೆಳಗ ಖಾಲಿ ಅಂತ ಬರ್ದಿವ್ನಿ.”

ಅವಳು ಗರಿಯ ಒಂದು ಎಸಳನ್ನು ಸೀಳುತ್ತಾ ಕೂತಳು. ಆಮೇಲೆ, ಜಗಳದ ದನಿಯೇ ಇಲ್ಲದೆ, ಲೆಕ್ಕದ ಮೇಷ್ಟರಿಗೆ ತಪ್ಪು ತೋರಿಸುವ ಹಾಗೆ ಹೇಳಿದಳು. “ನನ್ನ ಯಾರೂ ಕೆಡವ್ನಿಲ್ವಲ್ಲಮ್ಮಿ.”

ಆ ರಾತ್ರಿ ನೋಟ್‌ಬುಕ್ಕು ತೆಗೆದು ನೋಡಿದೆ. ಬರೆದದ್ದು ಸುಳ್ಳೇನೂ ಅಲ್ಲ. ಆದರೂ ಅದನ್ನು ಬರೆಯುವ ಮೊದಲು ಅವಳನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ಆ ಪುಸ್ತಕದ ಪಟ್ಟಿಯಲ್ಲಿ ಖಾಲಿ ಎಂದು ಹಾಕಿಸಿಕೊಂಡ ಇಬ್ಬರನ್ನೂ ಯಾರೂ ಕೇಳಿರಲಾರರು ಅನ್ನಿಸಿತು.

ಮಾರನೆಯ ದಿನ ಕಣದಲ್ಲಿ ಶಶಿ, ನಾಗರತ್ನ ಕಚ್ಚೆ ಕಟ್ಟಿ ನಿಂತಿದ್ದರು. ಮಾದೇವಿ ಹೊರಗೆ ಬರುವವರೆಗೆ ನಾನು ಏನೂ ಬರೆಯುವುದಿಲ್ಲ ಎಂದೆ.

“ಅವ್ಳಿನ್ನು ಆಡಂಗಿಲ್ಲ ಕಣಮ್ಮಿ. ಬರಿಯೋಳು ನೀನು, ಆಡೋರು ನಾವು. ನೀ ಯಾರು ಏಳಕ್ಕ?” ಎಂದಳು ಶಶಿ.

“ನಾ ಬರೀದೇ ಇದ್ರ ನೀ ಗೆದ್ದೆ ಅಂತ ಮುಂದಿನ್ ವರ್ಷ ಯಾರ್ಗ್ ಗೊತ್ತಾದದು?”

ಶಶಿ ಸಿಟ್ಟಿನಲ್ಲಿ ಬೆಲ್ಟನ್ನು ಹುಲ್ಲಿನ ಮೇಲೆ ಎಸೆದು ಹೋದಳು. ಒಂದು ವಾರ ನನ್ನ ಜೊತೆ ಮಾತಿಲ್ಲ, ಭಾನುವಾರ ಟೀವಿಯೂ ಇಲ್ಲ. ನಾನು ಮನೆ ಜಗಲಿಯಲ್ಲಿ ಕೂತು ಅವಳ ಮನೆಯೊಳಗಿನ ಕೂಗಾಟ ಕೇಳಿಸಿಕೊಂಡೆ.

ಮಾದೇವಿಗೆ ನೀರು ಹಾಕಿ ಒಳಗೆ ಕರೆದುಕೊಂಡ ದಿನ ಮಧ್ಯಾಹ್ನ ಊಟವಿತ್ತು. ಗಂಡಸರು ಉಂಡು ಎದ್ದು ಹೋದ ಮೇಲೆ, ಬಿಚ್ಚಿದ ಗುಡ್ಲಿನ ಸೊಪ್ಪನ್ನು ಕಣದಾಚೆಯ ತಿಪ್ಪೆಗೆ ಹಾಕಿ ಬನ್ನಿ ಎಂದು ನಮ್ಮನ್ನು ಕಳಿಸಿದರು. ಶಶಿಯೂ ಬಂದಿದ್ದಳು, ಮೂತಿ ತಿರುಗಿಸಿಕೊಂಡೇ. ಕಣದಲ್ಲಿ ಹೊರೆ ಇಳಿಸಿ ನೋಡಿದರೆ ಮಾದೇವಿ ಹಿಂದೆಯೇ ನಿಂತಿದ್ದಾಳೆ. ಮಾವ ತಂದ ಹೊಸ ಹಸಿರು ಸೀರೆ, ತಲೆ ತುಂಬ ಕನಕಾಂಬರ.

“ಯಾರ್ ಬಂದೀರಿ?” ಎಂದಳು.

ನಾಗರತ್ನ ಹಿಂದೆ ಸರಿದಳು, ಉಳಿದಿಬ್ಬರೂ ಅವಳ ಬೆನ್ನಿಗೆ ಸರಿದರು. ಶಶಿ, “ನಮ್ಮವ್ವ ಬಯ್ತದ” ಎಂದಳು. ನಾನು ನೋಟ್‌ಬುಕ್ಕು ತರಲು ಹೊರಟಿದ್ದವಳು ನಿಂತುಬಿಟ್ಟೆ. ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. “ನಾ ಬತ್ತೀನಿ” ಎಂದೆ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಸಿದ್ದಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಕೈಯಲ್ಲಿ ತೊಳೆಯುವ ಪಾತ್ರೆ. ಅವಳು ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಅಂದಿನಿಂದ ಹುಲ್ಲಿನ ಮೇಲೇ ಬಿದ್ದಿದ್ದ ಬೆಲ್ಟನ್ನೂ ನೋಡಿದಳು. ಪಾತ್ರೆ ಇಳಿಸಿ ಬಂದು, ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಗದ್ದೆಗೆ ಇಳಿಯುವ ಹೆಂಗಸರು ಕಟ್ಟುವ ಹಾಗೆ ಆ ಹೊಸ ಸೀರೆಯನ್ನು ಮಂಡಿ ಮೇಲಕ್ಕೆತ್ತಿ ಕಚ್ಚೆ ಬಿಗಿದಳು.

“ಒಂದೇ ಸಲ. ಸೀರ ಅರ್ದೋದ್ರ, ನಿಮ್ಮ್ ಮಾವಂಗ ನಾ ಏನೂ ಏಳಕ್ಕಿಲ್ಲ, ನೀನೇ ಏಳ್ಕೊ.”

ಎಣಿಸಲು ಶಶಿ ಕೂತಳು. ಅವತ್ತು ನಾನು ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಸೋತುಕೊಟ್ಟರೆ ಅವಳಿಗೆ ಗೊತ್ತಾಗುತ್ತದೆ ಎಂಬ ಭಯ ನನಗೆ. ಸೊಂಟಕ್ಕೆ ಕೈ ಹಾಕಿ ಒಂದು ಸಲ ಅವಳನ್ನು ಮಂಡಿಗೆ ಇಳಿಸಿಯೂಬಿಟ್ಟೆ. ಕನಕಾಂಬರ ಚೆಲ್ಲಿ ಹೋಯಿತು. ಅವಳ ಕೈಯಲ್ಲಿ ಈಗ ಈರುಳ್ಳಿಯ ವಾಸನೆಯಿಲ್ಲ, ಅರಿಸಿನದ್ದು. ಆದರೆ ಹಿಡಿತ ಅದೇ. ಎಡಗಾಲು ಕೊಟ್ಟು ತಿರುಗಿಸಿದಳು, ಬಾಡಿದ ಸೊಪ್ಪಿನ ಮೇಲೆ ನನ್ನ ಬೆನ್ನು ಬಿತ್ತು, ಅವಳ ಇಡೀ ಭಾರ ನನ್ನ ಮೇಲೆ. ಬಿಡಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಶಶಿ ಮೂರು ಸಲ ನೆಲ ಬಡಿದಳು.

ಮಾದೇವಿ ಎದ್ದು ಬೆಲ್ಟನ್ನು ಎತ್ತಿ, ಕಟ್ಟಿಕೊಳ್ಳದೆ, ಶಶಿಯ ಕೈಗೆ ಕೊಟ್ಟಳು. “ಈಗ ಬರ್ಕೊ” ಎಂದಳು ನನಗೆ. “ಮಾದೇವಿ ಸೋಲ್ನಿಲ್ಲ, ಅವಳೇ ಕೊಟ್ಲು ಅಂತ.”

ಸಿದ್ದಮ್ಮ ಅಲ್ಲಿಯವರೆಗೆ ನಿಂತೇ ಇದ್ದಳು. “ಆಯ್ತಲ್ಲ, ನಡಿಯವ್ವ” ಎಂದು ಮಗಳ ಬೆನ್ನಿಗಂಟಿದ್ದ ಹುಲ್ಲನ್ನು ಸೆರಗಿನಿಂದ ಒರೆಸಿ ಒಳಗೆ ಕರೆದುಕೊಂಡು ಹೋದಳು. ಆಮೇಲೆ ಶಶಿ, ನಾಗರತ್ನ ಎರಡು ಮೂರು ಸಲ ಆಡಿದರು. ಯಾರಿಗೂ ರುಚಿಸಲಿಲ್ಲ. ಮಳೆ ಬಿತ್ತು, ಶಾಲೆ ಶುರುವಾಯಿತು, ವರ್ಷದೊಳಗೆ ನಾವೆಲ್ಲರೂ ಒಬ್ಬೊಬ್ಬರಾಗಿ ಗುಡ್ಲಿಗೆ ಹೋಗಿ ಬಂದೆವು.

ಈಗ ನಾನು ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಹೋದ ವರ್ಷ ಬೇಗೂರಿನ ಒಂದು ಮದುವೆಯಲ್ಲಿ ಮಾದೇವಿ ಸಿಕ್ಕಳು. ಹೂವಿನ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಅವಳೇ ಅಂತೆ. ಇಪ್ಪತ್ತು ಹೆಂಗಸರು ಅವಳ ಮಾತು ಕೇಳುತ್ತಾರಂತೆ. ಮಂಡಿನೋವು, ಮಕ್ಕಳ ಓದು ಎಲ್ಲ ಮಾತಾಡಿದೆವು. ಕೈ ತೊಳೆಯುವಲ್ಲಿ ಅವಳು ತಟ್ಟನೆ ಕೇಳಿದಳು. “ಸುಮಿ, ಅವತ್ತು ಸುಮ್ನ ಬಿದ್ದ್ಯಾ?”

“ಇಲ್ಲ ಕಣಮ್ಮಿ. ಬುಡುಸ್ಕೊಳಕ್ಕ ಆಗ್ನಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, “ಅಂಗಂದ್ರ ಸರಿ” ಎಂದು ನಲ್ಲಿ ತಿರುಗಿಸಿದಳು.

ಟೀವಿಯ ಆ ಬೆಲ್ಟಿನ ಪೂರ್ತಿ ಚರಿತ್ರೆ ಈಗ ಫೋನಿನಲ್ಲಿ ಒಂದು ನಿಮಿಷಕ್ಕೆ ಸಿಗುತ್ತದೆ. ಯಾರು ಎಷ್ಟು ದಿನ ಇಟ್ಟುಕೊಂಡರು, ಯಾವಾಗ ಖಾಲಿ, ಯಾಕೆ ಖಾಲಿ, ಎಲ್ಲವೂ. ಒಂದು ಸಂಜೆ ಕೂತು ಓದಿದೆ. ತಿಳಿಯಿತು, ಆದರೆ ಬೇಕರಿಗೆ ಓಡುವಂಥ ಪ್ರಶ್ನೆಯೊಂದೂ ಉಳಿಯಲಿಲ್ಲ. ಅದು ಹೋದದ್ದಕ್ಕೆ ಸ್ವಲ್ಪ ಬೇಸರವಾಯಿತು. ಹೆಚ್ಚಿನ ಬೇಸರ ಬೇರೆಯದಕ್ಕೆ. ಕಣದ ಆ ಮಧ್ಯಾಹ್ನದಿಂದ ಈಚೆಗೆ ನಾನು ಎಷ್ಟೋ ಹೆಂಗಸರ ಜೊತೆ ಕೆಲಸ ಮಾಡಿದ್ದೇನೆ, ಸಂಬಂಧ ಬೆಳೆಸಿದ್ದೇನೆ, ಜಗಳವಾಡಿದ್ದೇನೆ. ನಾವೆಲ್ಲ ಒಬ್ಬರಿಗೊಬ್ಬರು ನೋವಾಗದ ಹಾಗೆ, ಅರ್ಧ ಬಲದಲ್ಲಿ ಮುಟ್ಟಿ ಮಾತಾಡಿಸಿಕೊಂಡು ದೂರ ಸರಿಯುತ್ತೇವೆ. ಮೈಯಲ್ಲಿದ್ದ ಅಷ್ಟೂ ಬಲವನ್ನು ಹಾಕಿ ಇನ್ನೊಬ್ಬಳನ್ನು ಎದುರಿಸಿದ್ದು, ಅವಳೂ ಅಷ್ಟೂ ಬಲದಿಂದ ನನ್ನನ್ನು ಹಿಡಿದದ್ದು, ನನ್ನ ಬದುಕಿನಲ್ಲಿ ಅದೊಂದೇ ಸಲ.