ಎಂಟು ನಾಟಿ, ಎಂಟು ಹೈಬ್ರಿಡ್

ಮೊನ್ನೆ ಬಾಲ್ಕನಿಯಲ್ಲಿ ಟೊಮೆಟೊ ಗಿಡದ ಪಕ್ಕದ ಚಿಗುರು ಚಿವುಟುತ್ತಿದ್ದೆ. ಬೆರಳಿಗೆ ಹಸಿರು ಮೆತ್ತಿ, ಎಲೆಯ ಘಾಟು ಮೂಗಿಗೆ ಬಡಿಯಿತು. ದೆಹಲಿಯ ಕಿದ್ವಾಯಿ ನಗರದ ಮೇಲಿನ ಮನೆಯ ಅಂಕಲ್ ನೆನಪಾದರು…

ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮದು ನೆಲಮಹಡಿಯ ಸರ್ಕಾರಿ ಕ್ವಾರ್ಟರ್ಸ್, ಹಿತ್ತಿಲಲ್ಲಿ ಒಂದಿಷ್ಟು ಮಣ್ಣು. ಮೇಲಿದ್ದ ಅಂಕಲ್ ಕೋಲಾರದ ಕಡೆಯವರು, ಅಂಕಿ-ಅಂಶಗಳ ಕಚೇರಿಯಲ್ಲಿ ಕೆಲಸ. ಅವರಿಗೆ ಮಣ್ಣಿರಲಿಲ್ಲ, ಬೀಜವಿತ್ತು. ಅವರ ತಾಯಿ ಬೂದಿ ಹಚ್ಚಿ ಒಣಗಿಸಿಟ್ಟಿದ್ದ ನಾಟಿ ಟೊಮೆಟೊ ಬೀಜ. ನಾನು ಅಂಗಡಿಯಿಂದ ಹೈಬ್ರಿಡ್ ಪೊಟ್ಟಣ ತಂದಿದ್ದೆ. ಯಾವುದು ಮೇಲು ಎಂದು ಮಾತಿಗೆ ಮಾತು ಬೆಳೆಯಿತು.

“ವಾದ ಬೇಡಮ್ಮ, ಬೆಳೆಸಿಯೇ ನೋಡೋಣ,” ಎಂದರು.

ಎಂಟು ನಾಟಿ, ಎಂಟು ಹೈಬ್ರಿಡ್. ಒಂದೇ ಗೊಬ್ಬರ, ಒಂದೇ ನೀರು. ಪ್ರತಿ ಭಾನುವಾರ ಅವರು ಟೇಪು ಹಿಡಿದು ಬಂದು, ಒಂದೊಂದು ಗಿಡವನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಜನವರಿಯ ಹೊತ್ತಿಗೆ ಎರಡೂ ಸರಿಸಮ. ನನಗೆ ಗೆಲ್ಲುವ ಹಟ.

ಒಂದು ಸಂಜೆ ಕಾಲೊನಿಯ ಮಾಲಿ ಭಯ್ಯಾ, “ಆಜ್ ಪಾಲಾ ಪಡೇಗಾ,” ಎಂದ. ಹೆಪ್ಪುಗಟ್ಟಿ ಗಿಡ ಸುಡುವಂಥ ಇಬ್ಬನಿ ಬೀಳುತ್ತದೆ ಎಂಬ ಎಚ್ಚರಿಕೆ. ಅಂಕಲ್ ಕರೋಲ್ ಬಾಗ್‌ಗೆ ಹೋಗಿದ್ದರು. ನಾನು ಹಳೆಯ ಸೀರೆ ತಂದು ಹೈಬ್ರಿಡ್ ಗಿಡಗಳಿಗೆ ಹೊದಿಸಿದೆ. ಇನ್ನೊಂದು ಸೀರೆ ಒಳಗೇ ಇತ್ತು. ತರಲಿಲ್ಲ. ಬೆಳಿಗ್ಗೆ ಎದ್ದವಳೇ ಸೀರೆ ತೆಗೆದು ಮಡಿಸಿಟ್ಟೆ.

ನಾಟಿ ಗಿಡಗಳೆಲ್ಲ ಕಪ್ಪಗಾಗಿದ್ದವು. ಅಂಕಲ್ ಒಂದೊಂದು ಗಿಡವನ್ನೂ ಮುಟ್ಟಿ ನೋಡಿದರು. ಆಮೇಲೆ, “ಹೈಬ್ರಿಡ್ ಚಳಿ ತಡೆಯುತ್ತದೆ” ಎಂದು ಬರೆದುಕೊಂಡರು. ಆ ಸಾಲು ಓದಿ ನನಗೆ ಸುಮ್ಮನಿರಲಾಗಲಿಲ್ಲ.

“ಅಂಕಲ್, ನಾನು ನನ್ನವಕ್ಕೆ ಮಾತ್ರ ಸೀರೆ ಹೊದಿಸಿದ್ದೆ.”

ಅವರು ನನ್ನ ಮುಖ ನೋಡಲಿಲ್ಲ. ಸಾಲನ್ನು ಹೊಡೆದು ಹಾಕಿ, “ಅಚ್ಛಾ, ಹಾಗಾದ್ರೆ ಈ ವರ್ಷದ್ದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಮತ್ತೆ ಹಾಕೋಣ,” ಎಂದರು. ಅವರ ತಾಯಿ ಹಿಂದಿನ ಬೇಸಿಗೆಯಲ್ಲೇ ತೀರಿಕೊಂಡಿದ್ದರೆಂದೂ ಅದು ಅವರ ಕೈಯ ಕೊನೆಯ ಬೀಜವೆಂದೂ ಅವರ ಹೆಂಡತಿ, ಆಂಟಿ, ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಪುಣ್ಯಕ್ಕೆ ಮೂರು ನಾಟಿ ಗಿಡ ಬುಡದಿಂದ ಚಿಗುರಿದವು. ಅವುಗಳ ಹಣ್ಣಿನಿಂದಲೇ ಮುಂದಿನ ವರ್ಷದ ಬೀಜ ತೆಗೆದೆವು. ಮರುವರ್ಷದ ಚಳಿಯಲ್ಲಿ ಹದಿನಾರೂ ಗಿಡಕ್ಕೆ ಸೀರೆ ಹೊದಿಸಿದವಳು ನಾನೇ. ಆದರೂ ಹೈಬ್ರಿಡ್ಡೇ ಮುಂದೆ. ಹಣ್ಣು ಬೇಗ, ಬುಟ್ಟಿಯೂ ಭಾರ. ಅಂಕಲ್ ಅದನ್ನೂ ಅಷ್ಟೇ ನೇರವಾಗಿ ಬರೆದರು. ನಿವೃತ್ತರಾಗಿ ಮಗಳ ಮನೆಗೆ ಹೊರಟಾಗ ಅರ್ಧ ಬೀಜ ನನಗೆ ಕೊಟ್ಟರು.

ಅಂದಿನಿಂದ ಒಂದು ವರ್ಷವೂ ಬಿಟ್ಟಿಲ್ಲ, ಎರಡನ್ನೂ ಹಾಕುತ್ತೇನೆ. ಯಾರೇ ಕೇಳಲಿ, ಖಂಡಿತವಾಗಿ ಹೇಳಬಲ್ಲೆ: ಹೈಬ್ರಿಡ್ ಒಮ್ಮೆಗೇ ಸುರಿದು ಸುಸ್ತಾಗುತ್ತದೆ, ನಾಟಿ ತಡವಾಗಿ ಶುರುವಾಗಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗುತ್ತದೆ. ಈ ಸಲ ಮೊದಲ ಬಾರಿಗೆ ತೂಕದಲ್ಲೂ ನಾಟಿಯೇ ಮುಂದೆ. ಹಳೆಯ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದ್ದು ಮಗಳು.

“ಪಾಪಾ ಹೋಗಿ ಎರಡು ವರ್ಷ ಆಯ್ತು, ಆಂಟಿ… ಆಪ್‌ಕೋ ಕಿಸೀನೇ ಬತಾಯಾ ನಹೀಂ? ಯಾರೂ ಹೇಳ್ಲಿಲ್ವಾ?”

ಅಂಕಲ್‌ಗೆ ಹೇಳಬೇಕೆಂದಿದ್ದನ್ನೇ ಅವಳಿಗೆ ಹೇಳಿದೆ: “ನಿಮ್ಮಜ್ಜಿಯ ಟೊಮೆಟೊ ಈ ವರ್ಷ ಗೆದ್ದಿತಮ್ಮ.”

“ದಾದೀದಾ? ಅದು ಇನ್ನೂ ಇದೆಯಾ?”

“ಇದೆ,” ಎಂದೆ. ಎರಡು ವರ್ಷ ಮೊದಲೇ ಕರೆ ಮಾಡಬೇಕಿತ್ತು…